ತಾತಗುಣಿಯ ಕಲಾತಪಸ್ವಿ ಸ್ವೆತೊಸ್ಲಾವ್ ರೋರಿಕ್



ಕನಕಪುರದಿಂದ ಬೆಂಗಳೂರಿಗೆ ಹೋಗುವ ನಮ್ಮವರೆಲ್ಲ ತಾತಗುಣಿ ಎಸ್ಟೇಟ್ ಹೆಸರು ಕೇಳಿರುತ್ತಾರೆ. ಅದು ಸ್ವೆತೊಸ್ಲಾವ್ ರೋರಿಕ್ ಅವರ ತೋಟ.

1904ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಜನಿಸಿದ ಇವರು ಕಲಾವಿದ ನಿಕೋಲಸ್ ರೋರಿಕ್ ಅವರ ಕಿರಿಯ ಮಗ. ಲಂಡನ್ ಹಾಗೂ ಅಮೆರಿಕದಲ್ಲಿ ವಾಸ್ತುಶಿಲ್ಪ ಕಲಿತು, ಹಿಮಾಲಯದ ಕುಲು ಕಣಿವೆಯಲ್ಲಿ ನೆಲೆಸಿದ್ದ ತಂದೆ ತಾಯಿಯರನ್ನು ಸೇರಿದರು. ಚಿತ್ರಕಲೆಯ ಜೊತೆಗೆ ಔಷಧೀಯ ಸಸ್ಯಗಳ ಅಧ್ಯಯನವನ್ನೂ ಮಾಡಿದರು. ಪಶ್ಚಿಮದಲ್ಲಿ ಕಲಿತ ವಿದ್ಯೆಯಿಂದ ನಮ್ಮ ಬೆಟ್ಟಗಳನ್ನೂ ಹಳ್ಳಿಯ ದುಡಿಯುವ ಜನರನ್ನೂ ಚಿತ್ರಿಸಿದರು. ಸಂಸತ್ತಿನ ಸೆಂಟ್ರಲ್ ಹಾಲ್‌ನಲ್ಲಿರುವ ನೆಹರು ಭಾವಚಿತ್ರ ಇವರದೇ.

1945ರಲ್ಲಿ ಚಿತ್ರನಟಿ ದೇವಿಕಾ ರಾಣಿಯವರನ್ನು ವಿವಾಹವಾದರು. ಬಳಿಕ ತಾತಗುಣಿಯಲ್ಲಿ ಸುಗಂಧ ತೈಲ ಕೊಡುವ ಲಿನಾಲೋ ಮರಗಳನ್ನು ಬೆಳೆಸಿದರು. 1961ರಲ್ಲಿ ಪದ್ಮಭೂಷಣ ಲಭಿಸಿತು.

ದಂಪತಿಗೆ ಮಕ್ಕಳಿರಲಿಲ್ಲ. 1993ರಲ್ಲಿ ರೋರಿಕ್, ಮರುವರ್ಷ ದೇವಿಕಾ ರಾಣಿ ತೀರಿಕೊಂಡರು. ಸುಮಾರು 468 ಎಕರೆ ಆಸ್ತಿಯ ವ್ಯಾಜ್ಯ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಎಸ್ಟೇಟನ್ನು ಸ್ವಾಧೀನಕ್ಕೆ ಪಡೆಯುವ ಸರ್ಕಾರದ ಕಾಯ್ದೆಯನ್ನು ನ್ಯಾಯಾಲಯ 2011ರಲ್ಲಿ ಎತ್ತಿಹಿಡಿಯಿತು.

ಆದರೆ ಕರ್ನಾಟಕ ಚಿತ್ರಕಲಾ ಪರಿಷತ್ತಿಗೆ ಸೇರಿದ ತಂದೆ ಮಗನ ಚಿತ್ರಗಳನ್ನು ಇಂದಿಗೂ ಯಾರು ಬೇಕಾದರೂ ಹೋಗಿ ನೋಡಬಹುದು. ಕೂಡಿಟ್ಟದ್ದಕ್ಕೆ ವ್ಯಾಜ್ಯ ಬಂತು, ಕೊಟ್ಟದ್ದು ಉಳಿಯಿತು. ಅಪರಿಗ್ರಹವನ್ನು ವ್ರತವಾಗಿ ಪಡೆದ ನಾವು ಮಕ್ಕಳಿಗೆ ಹೇಳಬೇಕಾದ ಮಾತು ಇದು.