ಅಮಲಿನ ಕಣ್ಣು, ಪಂಪನ ಕಣ್ಣು

ಅಣ್ಣಿಗೇರಿಯ ಅಮೃತೇಶ್ವರ ಗುಡಿಯ ಕಂಬಗಳ ನಡುವೆ ನಿಂತಾಗಲೆಲ್ಲ ನನಗೆ ನೆನಪಾಗುವವನು ಆ ಗುಡಿಗಿಂತಲೂ ಹಿರಿಯನಾದ ಪಂಪ. ಅವನ ತಾಯಿ ಅಬ್ಬಣಬ್ಬೆ ಈ ಊರಿನ ಜೋಯಿಸ ಸಿಂಘನ ಮನೆತನದವಳು. ಈ ಸಂಗತಿಯನ್ನು ಪಂಪನ ತಮ್ಮ ಜಿನವಲ್ಲಭನು ಇಂದಿನ ತೆಲಂಗಾಣದ ಕುರ್ಕ್ಯಾಲದ ಬಂಡೆಯ ಮೇಲೆ ಕೊರೆಯಿಸಿದ್ದಾನೆ. ತಂದೆಯ ಕಡೆಯ ಹಿರಿಯರು ವೆಂಗಿಯ ವೈದಿಕರು. ತಂದೆಯ ಕಾಲಕ್ಕೆ ಮನೆ ಜೈನವಾಯಿತು. 902ರಲ್ಲಿ ಹುಟ್ಟಿದ ಪಂಪನು ವೇಮುಲವಾಡದ ಇಮ್ಮಡಿ ಅರಿಕೇಸರಿಯ ಆಸ್ಥಾನದಲ್ಲಿ ಕವಿಯೂ ಹೌದು, ಕಲಿಯೂ ಹೌದು. 941ರ ಸುಮಾರಿಗೆ ಆದಿಪುರಾಣವನ್ನು ಮೂರು ತಿಂಗಳಲ್ಲಿ, ವಿಕ್ರಮಾರ್ಜುನ ವಿಜಯವನ್ನು ಆರು ತಿಂಗಳಲ್ಲಿ ಮುಗಿಸಿದನು. ಅರಸನು ಅವನಿಗೆ ಧರ್ಮಪುರವೆಂಬ ಅಗ್ರಹಾರವನ್ನಿತ್ತನು.

ಜೈನನಿಗೆ ಮದ್ಯ ವರ್ಜ್ಯ. ಆದರೂ ಭಾರತದ ಕಥೆಯ ನಾಲ್ಕನೆಯ ಆಶ್ವಾಸದಲ್ಲಿ, ಸುಭದ್ರೆಯ ವಿರಹದಿಂದ ಇರುಳಲ್ಲಿ ಅಲೆಯುವ ಅರ್ಜುನನ ಮುಂದೆ ಅವನೊಂದು ಪಾನಗೋಷ್ಠಿಯನ್ನೇ ತೆರೆದಿಟ್ಟಿದ್ದಾನೆ. ಮದ್ಯದ ಬಗೆಗಳು, ಹಕ್ಕಿಯಾಕಾರದ ಬಟ್ಟಲುಗಳು, ತೊದಲುವ ಮಾತು, ಯಾವುದನ್ನೂ ಬಿಟ್ಟಿಲ್ಲ. ಹಳಿಯುವ ಅವಸರ ಅವನಿಗಿಲ್ಲ, ಮೊದಲು ನೋಡುತ್ತಾನೆ.

ಆ ಭಾಗವನ್ನು ಪಾಠ ಹೇಳುವಾಗ ನನಗೆ ನವಲಗುಂದದ ಕಡೆಯ ನಮ್ಮ ಹಳ್ಳಿಯ ಮನೆ ಕಣ್ಣಿಗೆ ಕಟ್ಟುತ್ತದೆ. ಒಂದು ಇರುಳು ಕುಡಿದು ಬಂದ ನಮ್ಮ ಕಾಕಾನಿಗೆ ಪಡಸಾಲೆಯ ಕಂದೀಲು ಎರಡಾಗಿ ಕಂಡಿತು. ಇಲ್ಲದ ಕಂದೀಲಿಗೆ ಕೈಚಾಚಿ ಮುಗ್ಗರಿಸಿ ಬಿದ್ದರು. ಮನೆಮಂದಿಯೆಲ್ಲ ನಕ್ಕರು, ಹುಡುಗನಾಗಿದ್ದ ನಾನೂ ನಕ್ಕೆ. ಮದ್ಯವು ಕಿರುಮಿದುಳನ್ನು ಮಂದಗೊಳಿಸುತ್ತದೆ, ಆಗ ಎರಡು ಕಣ್ಣುಗಳೂ ಒಂದೇ ಗುರಿಯಲ್ಲಿ ಕೂಡಿ ನಿಲ್ಲಲಾರದೆ ಒಂದು ವಸ್ತು ಎರಡಾಗಿ ತೋರುತ್ತದೆ ಎಂದು ನಾನು ತಿಳಿದುಕೊಳ್ಳುವ ಹೊತ್ತಿಗೆ ಕಾಕಾ ಉಳಿದಿರಲಿಲ್ಲ.

ಇದರಿಂದಲೇ ಆದಿಪುರಾಣದ ನೀಲಾಂಜನೆಯ ಪ್ರಸಂಗ ನನ್ನನ್ನು ಕಾಡುತ್ತದೆ. ವೃಷಭನಾಥನ ಸಭೆಯಲ್ಲಿ ಕುಣಿಯುತ್ತಿದ್ದಂತೆಯೇ ಆಕೆಯ ಆಯುಷ್ಯ ತೀರಿತು. ಇಂದ್ರನು ಕ್ಷಣದಲ್ಲಿಯೇ ಆಕೆಯಂತಹ ಇನ್ನೊಬ್ಬಳನ್ನು ನಿಲ್ಲಿಸಿದನು. ಕುಣಿತದ ಸೊಬಗಿನಲ್ಲಿ ಮುಳುಗಿದ್ದ ಸಭೆಗೆ ಅದು ತಿಳಿಯಲೇ ಇಲ್ಲ. ವೃಷಭನೊಬ್ಬನು ಕಂಡನು, ಕಂಡವನು ರಾಜ್ಯವನ್ನೇ ತೊರೆದನು.

ಕುಡಿದವನಿಗೆ ಒಂದು ಎರಡಾಗಿ ಕಾಣುತ್ತದೆ; ಕುಡಿಯದೆಯೂ ಮೈಮರೆತವರಿಗೆ ಇಬ್ಬರು ಒಬ್ಬಳಾಗಿಯೇ ಕಾಣುತ್ತಾರೆ. ಎರಡೂ ಅಮಲೇ. ಅಂದು ಪಡಸಾಲೆಯಲ್ಲಿ ಕಾಕಾನ ಕಣ್ಣು ಕಂದೀಲನ್ನು ತಪ್ಪಾಗಿ ಕಂಡಿತು. ನಗುತ್ತಿದ್ದ ನಮ್ಮ ಕಣ್ಣಿಗೆ ಒಬ್ಬ ಮನುಷ್ಯನು ಮುಳುಗುತ್ತಿದ್ದುದು ಕಾಣಲೇ ಇಲ್ಲ. ಸಾವಿರ ವರುಷಗಳ ಹಿಂದಿನ ಈ ಕವಿಯ ಬಳಿಗೆ ನಾನು ಮರಳಿ ಮರಳಿ ಹೋಗುವುದು ಕಣ್ಣು ತೊಳೆದುಕೊಳ್ಳುವುದಕ್ಕಾಗಿ.