ಮರದ ಮೈಗೆ ಕಬ್ಬಿಣದ ಕವಚ ತೊಡಿಸಿದವ

ಫ್ರಾನ್ಸಿನ ದಕ್ಷಿಣ ಕರಾವಳಿಯಲ್ಲಿ, ಮೆಡಿಟರೇನಿಯನ್ ಸಮುದ್ರಕ್ಕೆ ಮುಖ ಮಾಡಿರುವ ತುಲೋನ್ ನಗರದಲ್ಲಿ ನಾನು ನೆಲೆಸಿದ್ದೇನೆ. ಈ ದೇಶದ ನೌಕಾಪಡೆಯ ಅತಿ ದೊಡ್ಡ ನೆಲೆಯಿರುವುದು ಇಲ್ಲಿಯೇ. ಪರದೇಶದಲ್ಲಿ ಕಲಿತ ವಿದ್ಯೆ ತಾಯ್ನಾಡಿಗೆ ಒದಗೀತೇ ಎಂದು ಊರಿನ ಹಿರಿಯರು ಫೋನಿನಲ್ಲಿ ಆಗಾಗ ವಿಚಾರಿಸುವುದುಂಟು. ಆಗೆಲ್ಲ ನನಗೆ ಇದೇ ಬಂದರಿನಲ್ಲಿ ದುಡಿದ ನೌಕಾಶಿಲ್ಪಿ ಆನ್ರಿ ದುಪ್ಯುಯಿ ದ ಲೋಮ್‌ನ ಬದುಕು ನೆನಪಾಗುತ್ತದೆ.

ಆತ ಹುಟ್ಟಿದ್ದು 1816ರ ಅಕ್ಟೋಬರ್ 15ರಂದು, ಬ್ರಿಟನಿ ಪ್ರಾಂತದ ಲೋರಿಯಾನ್ ಬಂದರಿನ ಸಮೀಪ. ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿಯ ವ್ಯಾಪಾರದಿಂದ ಬೆಳೆದ ಊರದು. ತಂದೆ ನೌಕಾಪಡೆಯ ಅಧಿಕಾರಿ. ಪ್ಯಾರಿಸ್ಸಿನ ಎಕೋಲ್ ಪಾಲಿಟೆಕ್ನಿಕ್‌ನಲ್ಲಿ ಓದಿ ನೌಕಾ ಎಂಜಿನಿಯರನಾದ ತರುಣನನ್ನು 1842ರಲ್ಲಿ ಸರ್ಕಾರ ಇಂಗ್ಲೆಂಡಿಗೆ ಕಳುಹಿಸಿತು. ಬ್ರಿಸ್ಟಲ್‌ನಲ್ಲಿ ಗ್ರೇಟ್ ಬ್ರಿಟನ್ ಎಂಬ ಬೃಹತ್ ಕಬ್ಬಿಣದ ಹಡಗು ರೂಪುಗೊಳ್ಳುತ್ತಿದ್ದ ಕಾಲವದು. ಮರಳಿ ಬಂದವನು ಕಬ್ಬಿಣದ ಹಡಗುಗಳ ನಿರ್ಮಾಣವನ್ನು ಕುರಿತು ಬರೆದ ವಿಸ್ತಾರವಾದ ವರದಿ 1844ರಲ್ಲಿ ಪ್ರಕಟವಾಯಿತು. ಮರುವರ್ಷವೇ ಆತ ಕವಚವುಳ್ಳ ಕಬ್ಬಿಣದ ಯುದ್ಧನೌಕೆಯೊಂದರ ಯೋಜನೆ ಸಲ್ಲಿಸಿದ, ಅದು ಅಂಗೀಕಾರವಾಗಲಿಲ್ಲ.

ಆಗಿನ ಉಗಿ ಯುದ್ಧನೌಕೆಗಳಿಗೆ ಪಕ್ಕಗಳಲ್ಲಿ ದೊಡ್ಡ ಚಕ್ರಗಳಿರುತ್ತಿದ್ದವು. ಶತ್ರುವಿನ ಗುಂಡಿಗೆ ಅವು ಸುಲಭವಾಗಿ ತುತ್ತಾಗುತ್ತಿದ್ದವು. ಫಿರಂಗಿಗಳಿಗೆ ಬೇಕಾದ ಜಾಗವನ್ನೂ ಕಬಳಿಸುತ್ತಿದ್ದವು. ನೀರಿನಡಿ ತಿರುಗುವ ಪ್ರೊಪೆಲ್ಲರ್‌ಗೆ ಈ ಎರಡೂ ದೋಷಗಳಿರಲಿಲ್ಲ. ಗಾಳಿಗೆ ಕಾಯದೆ ಎಂಜಿನ್ನಿನ ಬಲದಿಂದಲೇ ಕಾದಾಡಬಲ್ಲ, 90 ಫಿರಂಗಿಗಳ ನೆಪೋಲಿಯನ್ ಎಂಬ ಹಡಗನ್ನು ಆತ ರೂಪಿಸಿದ. 1850ರ ಮೇ 16ರಂದು ಅದು ತುಲೋನ್‌ನಲ್ಲಿ ನೀರಿಗಿಳಿಯಿತು. 1853ರಲ್ಲಿ ಡಾರ್ಡನೆಲ್ಸ್ ಜಲಸಂಧಿಯಲ್ಲಿ ಎದುರುಗಾಳಿಗೂ ಎದುರು ಪ್ರವಾಹಕ್ಕೂ ಸಿಕ್ಕಿ ಹಾಯಿಹಡಗುಗಳು ತಡೆದು ನಿಂತಿದ್ದಾಗ, ನೆಪೋಲಿಯನ್ ಮತ್ತೊಂದು ಭಾರಿ ಯುದ್ಧನೌಕೆಯನ್ನು ಎಳೆದುಕೊಂಡೇ ಮುಂದೆ ಸಾಗಿತು. ಹಾಯಿಯ ಯುಗ ಮುಗಿಯಿತೆಂಬುದು ಅಂದು ಎಲ್ಲರಿಗೂ ಮನದಟ್ಟಾಯಿತು.

1855ರಲ್ಲಿ ಕ್ರಿಮಿಯಾ ಯುದ್ಧದ ಕಿನ್‌ಬರ್ನ್ ಕೋಟೆಯ ಮುಂದೆ, ಕಬ್ಬಿಣದ ಕವಚ ತೊಟ್ಟ ಮೂರು ಫ್ರೆಂಚ್ ತೇಲು ಫಿರಂಗಿದಳಗಳು ಗುಂಡಿನ ಮಳೆಯನ್ನು ತಾಳಿಕೊಂಡವು. 1857ರಲ್ಲಿ ನೌಕಾ ನಿರ್ಮಾಣದ ಹೊಣೆ ದುಪ್ಯುಯಿ ದ ಲೋಮ್‌ನ ಕೈಗೆ ಬಂತು. ಇಡೀ ಹಡಗನ್ನು ಕಬ್ಬಿಣದಲ್ಲೇ ಕಟ್ಟುವ ವಿದ್ಯೆ ಆತನಿಗೆ ತಿಳಿದಿತ್ತು. ಆದರೆ ಅಗತ್ಯವಿದ್ದಷ್ಟು ಕಬ್ಬಿಣವನ್ನು ಒದಗಿಸುವ ಶಕ್ತಿ ಫ್ರಾನ್ಸಿನ ಕಾರ್ಖಾನೆಗಳಿಗೆ ಇನ್ನೂ ಬಂದಿರಲಿಲ್ಲ. ಹಡಗುಕಟ್ಟೆಗಳ ಕುಶಲಕರ್ಮಿಗಳಿಗೆ ಮರದ ಕೆಲಸ ಕರಗತವಾಗಿತ್ತು. ಹಾಗಾಗಿ ಆತ ಮರದ ಒಡಲಿಗೆ ಸುಮಾರು 12 ಸೆಂಟಿಮೀಟರ್ ದಪ್ಪದ ಕಬ್ಬಿಣದ ಹಲಗೆಗಳನ್ನು ಹೊದಿಸಿದ. 1859ರ ನವೆಂಬರ್ 24ರಂದು ತುಲೋನ್‌ನಲ್ಲಿ ನೀರಿಗಿಳಿದ ಆ ಹಡಗಿನ ಹೆಸರು ಗ್ಲುವಾರ್, ಅಂದರೆ ಕೀರ್ತಿ. ಸಾಗರಯಾನಕ್ಕೆ ಸಮರ್ಥವಾದ ಜಗತ್ತಿನ ಮೊದಲ ಕವಚಧಾರಿ ಯುದ್ಧನೌಕೆ ಅದು.

ಬ್ರಿಟನ್ ಬೆಚ್ಚಿತು. ಮರುವರ್ಷವೇ ಸಂಪೂರ್ಣ ಕಬ್ಬಿಣದೊಡಲಿನ, ಇನ್ನೂ ದೊಡ್ಡದಾದ ವಾರಿಯರ್ ಹಡಗನ್ನು ನೀರಿಗಿಳಿಸಿತು. ಗ್ಲುವಾರ್‌ನ ಜೊತೆಯ ಹಡಗುಗಳೆರಡು ಮರ ಕೆಟ್ಟು ಹತ್ತು-ಹನ್ನೆರಡು ವರ್ಷಗಳಲ್ಲೇ ಮೂಲೆಗುಂಪಾದವು. ಗ್ಲುವಾರ್ ಕೂಡ 1879ರಲ್ಲಿ ನಿವೃತ್ತವಾಯಿತು. ವಾರಿಯರ್ ಇಂದಿಗೂ ಪೋರ್ಟ್ಸ್‌ಮತ್ ಬಂದರಿನಲ್ಲಿ ಪ್ರವಾಸಿಗರ ಕಣ್ಣಿಗೆ ಬೀಳುತ್ತದೆ. ಹೊಸ ಹಾದಿ ತೋರಿದ್ದು ಫ್ರಾನ್ಸ್. ಆ ಹಾದಿಯಲ್ಲಿ ಬಹುದೂರ ನಡೆಯುವ ಕೈಗಾರಿಕಾ ಬಲವಿದ್ದುದು ಬ್ರಿಟನ್ನಿಗೆ.

1870ರ ಯುದ್ಧದಲ್ಲಿ ಫ್ರಾನ್ಸ್ ಸೋತದ್ದು ನೆಲದ ಮೇಲೆ. ಅಷ್ಟು ದೊಡ್ಡ ನೌಕಾಬಲವಿದ್ದೂ ಪ್ಯಾರಿಸ್ ಮುತ್ತಿಗೆಗೊಳಗಾಯಿತು. ಆಗ ಆತ ಚುಕ್ಕಾಣಿಯಿಂದ ನಡೆಸಬಹುದಾದ ಬಲೂನನ್ನು ಯೋಜಿಸಿದ. ಅದು ಹಾರಿದ್ದು ಮಾತ್ರ ಯುದ್ಧ ಮುಗಿದ ಮೇಲೆ, 1872ರ ಫೆಬ್ರವರಿ 2ರಂದು. ಅದರ ಪ್ರೊಪೆಲ್ಲರನ್ನು ಜನ ಕೈಯಿಂದಲೇ ತಿರುಗಿಸುತ್ತಿದ್ದರು. ಕೊನೆಗಾಲದಲ್ಲಿ ಆತನ ಮನಸ್ಸು ಜಲಾಂತರ್ಗಾಮಿಯತ್ತ ಹರಿಯಿತು. ಆ ಕನಸು ಕೈಗೂಡುವ ಮೊದಲೇ, 1885ರ ಫೆಬ್ರವರಿ 1ರಂದು ತೀರಿಕೊಂಡ. ಗೆಳೆಯ ಗುಸ್ತಾವ್ ಜೆದೆ ಕೆಲಸವನ್ನು ಮುಂದುವರಿಸಿದ. 1888ರಲ್ಲಿ ವಿದ್ಯುತ್ತಿನಿಂದ ಚಲಿಸುವ ಜಿಮ್ನೋತ್ ಎಂಬ ಜಲಾಂತರ್ಗಾಮಿ ಇದೇ ತುಲೋನ್‌ನಲ್ಲಿ ನೀರಿಗಿಳಿಯಿತು.

ವಿದೇಶಕ್ಕೆ ಹೊರಡಲು ಅಣಿಯಾಗಿರುವ ತರುಣ ತರುಣಿಯರಿಗೆ ನಾನು ಹೇಳಬಯಸುವುದಿಷ್ಟೆ. ಕಂಡದ್ದನ್ನು ಆತನಂತೆ ವಿವರವಾಗಿ ಬರೆದಿಡಿ. ಅದರಲ್ಲಿ ಯಾವುದಕ್ಕೆ ಬೇಕಾದ ಸಾಮಗ್ರಿಯೂ ಕೈಗಳೂ ನಮ್ಮ ನೆಲದಲ್ಲಿ ಇವೆ, ಯಾವುದಕ್ಕೆ ಇನ್ನೂ ಕಾಯಬೇಕು ಎಂಬ ಲೆಕ್ಕವೂ ಅದೇ ಪುಸ್ತಕದಲ್ಲಿರಲಿ.