ಗುಬ್ಬಿ ವೀರಣ್ಣನವರ ಕಂಪನಿ ಶಾಲೆ

ಹೆಬ್ಬೂರಿನ ಪ್ರೌಢಶಾಲೆಯೊಂದರಲ್ಲಿ ನನ್ನ ಬೋಧನಾಭ್ಯಾಸದ ಎರಡನೇ ವಾರ. ಒಂಬತ್ತನೇ ತರಗತಿಗೆ ಪರಮಾಣುವಿನ ರಚನೆ ಪಾಠ ಮಾಡುತ್ತಿದ್ದೆ. ಕಪ್ಪುಹಲಗೆಯಿಂದ ತಿರುಗಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ನಾನು ಕನ್ನಡಕ ಸರಿಪಡಿಸಿಕೊಳ್ಳುವುದನ್ನೂ ಮಾತುಮಾತಿಗೆ ಅರ್ಥ ಆಯ್ತಾ ಎಂದು ಕೇಳುವುದನ್ನೂ ಥೇಟ್ ನನ್ನಂತೆಯೇ ಮಾಡಿ ತೋರಿಸುತ್ತಿದ್ದ. ತರಗತಿಯೆಲ್ಲ ನಗುತ್ತಿತ್ತು. ಅವನನ್ನು ಹೊರಗೆ ನಿಲ್ಲಿಸಿದೆ.

ಬಿಸಿಯೂಟದ ಹೊತ್ತಿಗೆ ಅವನೇ ಬಂದು, ಸಿನಿಮಾ ಕಲಿಸುವ ಕಾಲೇಜು ಎಲ್ಲಿದೆ, ಫೀಸು ಎಷ್ಟು ಎಂದು ಕೇಳಿದ. ಮಾಧ್ಯಮ, ಮನರಂಜನೆಯ ಕೋರ್ಸುಗಳಿರುವ ಖಾಸಗಿ ವಿಶ್ವವಿದ್ಯಾಲಯಗಳ ಜಾಹೀರಾತು ನೋಡಿದ್ದೆನೇ ಹೊರತು ಹೆಚ್ಚೇನೂ ಗೊತ್ತಿರಲಿಲ್ಲ. ಮೊದಲು ಎಸ್ಸೆಸ್ಸೆಲ್ಸಿ ಪಾಸು ಮಾಡು ಎಂದು ಕಳಿಸಿಬಿಟ್ಟೆ. ಆ ಉತ್ತರ ನನಗೇ ಹಿಡಿಸಲಿಲ್ಲ. ಅದೇ ವಾರ ಪ್ರಾರ್ಥನಾ ಸಭೆಯಲ್ಲಿ ಜಿಲ್ಲೆಯ ಸಾಧಕರೊಬ್ಬರ ಪರಿಚಯ ಮಾಡುವ ಸರದಿ ನನ್ನದಾಗಿತ್ತು. ಗುಬ್ಬಿ ವೀರಣ್ಣನವರನ್ನು ಆರಿಸಿಕೊಂಡೆ. ಆಗ ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ವೀರಣ್ಣನವರು ಹುಟ್ಟಿದ್ದು 1891ರಲ್ಲಿ. ಅದಕ್ಕೂ ಮೊದಲೇ, 1884ರಲ್ಲಿ, ಗುಬ್ಬಿಯಲ್ಲಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಶುರುವಾಗಿತ್ತು. ಅಕ್ಷರ ಕಲಿಯುವ ವಯಸ್ಸಿನಲ್ಲೇ ಅವರು ಕಂಪನಿ ಸೇರಿದರು. ಶಾಲೆಯ ಓದು ಹೆಚ್ಚು ಆಗಲಿಲ್ಲ. ಕಲಿತದ್ದೆಲ್ಲ ರಂಗದ ಮೇಲೆ ಮತ್ತು ಪರದೆಯ ಪಕ್ಕದಲ್ಲಿ ನಿಂತು. ಬಾಲಪಾತ್ರದಿಂದ ಮೇಲೇರಿ ಹಾಸ್ಯನಟರಾಗಿ ಹೆಸರು ಮಾಡಿದರು. ‘ಸದಾರಮೆ’ಯ ಕಳ್ಳನ ಪಾತ್ರವನ್ನು ನೋಡಲೆಂದೇ ಜನ ಬರುತ್ತಿದ್ದರು. ಮುಂದೆ ಕಂಪನಿಯ ಒಡೆತನವೂ ಅವರ ಕೈಗೆ ಬಂತು.

ಕಂಪನಿ ಎಂದರೆ ಊರೂರು ತಿರುಗುವ ವಸತಿಶಾಲೆಯೇ. ಒಂದೂರಿನಲ್ಲಿ ತಿಂಗಳುಗಟ್ಟಲೆ ಕ್ಯಾಂಪು. ಹಗಲು ತಾಲೀಮು, ರಾತ್ರಿ ನಾಟಕ, ಎಲ್ಲರಿಗೂ ಒಂದೇ ಅಡುಗೆ. ಹೊಸದಾಗಿ ಬಂದ ಹುಡುಗ ಮೊದಲು ಪ್ರಾರ್ಥನೆಯ ಹಾಡಿಗೆ ದನಿಗೂಡಿಸಬೇಕು, ದೊಡ್ಡವರ ಪಾತ್ರವನ್ನು ದಿನವೂ ನೋಡಿ ಬಾಯಿಪಾಠ ಮಾಡಿಕೊಳ್ಳಬೇಕು. ಯಾರಿಗೋ ಜ್ವರ ಬಂದ ರಾತ್ರಿ ಅವನ ಪರೀಕ್ಷೆ. ಮೈಕು ಇಲ್ಲದ ಕಾಲದಲ್ಲಿ ಕೊನೆಯ ಸಾಲಿನವನಿಗೂ ಮಾತು ಕೇಳಿಸಿದರೆ ಪಾಸು. ವೀರಣ್ಣನವರು ಚಿಕ್ಕವರಿಗೆಂದೇ ಕಂಪನಿಯ ಬೇರೊಂದು ಶಾಖೆ ನಡೆಸಿದರು. ಗಂಡಸರೇ ಸ್ತ್ರೀಪಾತ್ರ ಮಾಡುತ್ತಿದ್ದ ಕಾಲದಲ್ಲಿ ಹೆಣ್ಣುಮಕ್ಕಳನ್ನು ರಂಗಕ್ಕೆ ತಂದರು. ಬಿ. ಜಯಮ್ಮನವರು ಬೆಳೆದದ್ದು ಅಲ್ಲಿಯೇ. ಬಿ. ಪುಟ್ಟಸ್ವಾಮಯ್ಯನವರು ಬರೆದ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗದ ಮೇಲೆ ನಡೆಸಿದರು. ನಮ್ಮ ಕಡೆಯ ಹಳ್ಳಿಗಳಲ್ಲಿ ಇಂದಿಗೂ ಜಾತ್ರೆಗೆ ಕುರುಕ್ಷೇತ್ರ ನಾಟಕವಿದೆ, ತಾಲೀಮು ಮಾಡಿಸುವ ಹಾರ್ಮೋನಿಯಂ ಮೇಷ್ಟ್ರಿದ್ದಾರೆ. ಅವರನ್ನೂ ನಾವು ಮೇಷ್ಟ್ರು ಎಂದೇ ಕರೆಯುತ್ತೇವೆ.

ಸಿನಿಮಾ ಬಂದಾಗ ವೀರಣ್ಣನವರು ಅದನ್ನು ದೂರವಿಡಲಿಲ್ಲ. 1930ರ ದಶಕದ ಆರಂಭದಲ್ಲೇ ಮೂಕಿ ಚಿತ್ರ ತೆಗೆಸಿದರು, 1935ರ ‘ಸದಾರಮೆ’ ಟಾಕಿಯಲ್ಲಿ ನಟಿಸಿದರು. 1954ರಲ್ಲಿ ಅವರ ಸಂಸ್ಥೆ ಸೇರಿ ನಿರ್ಮಿಸಿದ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ನಾಯಕರಾದರು. ತಂದೆ ಪುಟ್ಟಸ್ವಾಮಯ್ಯನವರ ಜೊತೆ ಹುಡುಗನಾಗಿದ್ದಾಗಲೇ ಗುಬ್ಬಿ ಕಂಪನಿಯಲ್ಲಿ ಪಾತ್ರ ಮಾಡಿದವರು ಅವರು. ಅದೇ ಚಿತ್ರದಲ್ಲಿದ್ದ ನಮ್ಮ ತಿಪಟೂರಿನ ನರಸಿಂಹರಾಜು, ಜಿ.ವಿ. ಅಯ್ಯರ್ ಕೂಡ ಇದೇ ಕಂಪನಿಯಲ್ಲಿ ಪಳಗಿದವರು. ಯಾರಿಗೂ ಕಂಪನಿ ಸರ್ಟಿಫಿಕೇಟು ಕೊಡಲಿಲ್ಲ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಬಿ.ವಿ. ಕಾರಂತರ ವಿಷಯ. ಮನೆಬಿಟ್ಟು ಬಂದು ಕಂಪನಿ ಸೇರಿದ ಹುಡುಗ ಅವರು. ಅವರನ್ನು ಹೆಚ್ಚಿನ ಓದಿಗೆ ಬನಾರಸಿಗೆ ಕಳಿಸಿದವರು ವೀರಣ್ಣನವರೇ. ಕಾರಂತರು ಹಿಂದಿ ಎಂ.ಎ. ಮಾಡಿದರು, ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು ಅದೇ ಶಾಲೆಯ ನಿರ್ದೇಶಕರಾದರು, 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ಹೆಚ್ಚು ಓದದ ಒಡೆಯ ತನ್ನ ಕಂಪನಿಗೆ ಬೇಕಾಗಬಹುದಾದ ಹುಡುಗನನ್ನು ಓದಲು ಹೊರಗೆ ಕಳಿಸಿದರು. ಈ ಮಗುವಿಗೆ ನನ್ನ ಶಾಲೆ ಸಾಲದು ಎಂದು ಗುರುತಿಸುವುದೂ ಗುರುವಿನ ಕೆಲಸ ಎಂದು ನನಗೆ ತೋರಿದ್ದು ಆಗಲೇ. ವೀರಣ್ಣನವರಿಗೆ 1972ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಅಕ್ಟೋಬರ್ 18ರಂದು ತೀರಿಕೊಂಡರು. ಇಂದು ತುಮಕೂರಿನ ಕಲಾಕ್ಷೇತ್ರಕ್ಕೆ ಅವರ ಹೆಸರಿದೆ.

ಸಭೆಯಲ್ಲಿ ಇದನ್ನೆಲ್ಲ ಹೇಳಿ ಮುಗಿಸಿದ ಮೇಲೆ ಆ ಹುಡುಗನನ್ನು ಕರೆದೆ. ರಂಗಾಯಣ, ಹೆಗ್ಗೋಡಿನ ನೀನಾಸಮ್, ದೆಹಲಿಯ ನಾಟಕ ಶಾಲೆ ಇವೆಯೆಂದೂ, ದೆಹಲಿಗೆ ಹೋಗಲು ಪದವಿ ಬೇಕೆಂದೂ ಹೇಳಿದೆ. ನಾನು ಮೊದಲು ಕೊಟ್ಟ ಉತ್ತರ ಪೂರ್ತಿ ತಪ್ಪಲ್ಲ, ಆದರೆ ಅದು ಬಾಗಿಲು ಮುಚ್ಚುವ ಉತ್ತರವಾಗಿತ್ತು.

ಮುಂದಿನ ಪಾಠಯೋಜನೆಯಲ್ಲಿ ಪಾತ್ರಾಭಿನಯ ಸೇರಿಸಿದೆ. ಅವನು ಎಲೆಕ್ಟ್ರಾನ್ ಆದ. ನ್ಯೂಕ್ಲಿಯಸ್ ಆಗಿ ನಿಂತ ಗುಂಪಿನ ಸುತ್ತ ಸುತ್ತುತ್ತಾ ತನ್ನ ಆವೇಶ ಋಣವೆಂದು ಹೇಳಿದ್ದು ಕೊನೆಯ ಬೆಂಚಿಗೂ ಕೇಳಿಸಿತು. ವೀಕ್ಷಣೆಗೆ ಬಂದಿದ್ದ ನಮ್ಮ ಉಪನ್ಯಾಸಕರು ತರಗತಿಯಲ್ಲಿ ಗದ್ದಲ ಜಾಸ್ತಿ ಎಂದು ಬರೆದರು. ಅದು ನಿಜ, ಸರಿಪಡಿಸಿಕೊಳ್ಳಬೇಕು. ಆದರೆ ಘಟಕ ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಅವನು ಸರಿಯಾಗಿ ಉತ್ತರಿಸಿದ್ದ.